ಎಂಬತ್ತೇಳನೇ ನಂಬರಿನ ಹುಣಸೆಕಾಯಿ

"ಗಾಜಿಗೆ ಮೂಗು ಹಚ್ಚಬ್ಯಾಡ್ರಿ, ಕಲೆ ಬೀಳ್ತೈತಿ" ಎಂದರು ಡಾಕ್ಟರ್ ಶರಣು ಹಾವಣಗಿ.

ಕರೆವ್ವ ಮೂಗು ತೆಗೆಯಲಿಲ್ಲ. ಐದನೇ ಕಪಾಟಿನೊಳಗೆ, ಜಪಾನಿನ ಕಟ್ಟಿಗೆ ಸೌಟಿಗೂ ಫಿನ್ಲೆಂಡಿನ ತೊಗಟೆ ಚಪ್ಪಲಿಗೂ ನಡುವೆ ಎರಡು ಬೆರಳಗಲದ ಖಾಲಿ ಜಾಗವಿತ್ತು. ಅದರ ಮುಂದೆ ಅಚ್ಚುಕಟ್ಟಾದ ಒಂದು ಲೇಬಲ್: '೮೭. ಹುಣಸೆಕಾಯಿ ಡಬ್ಬಿ. ಸೆನೆಗಲ್ ದೇಶ. ದಾನ: ಇನಾಯತ, ಸವಣೂರು.'

ಮೊನ್ನೆ ಮೊದಲ ಸಲ ನಡೆದ ವಸ್ತುಗಳ ಎಣಿಕೆಯಲ್ಲಿ ಕಣ್ಣಿಗೆ ಬಿದ್ದ ಆ ಎರಡು ಬೆರಳಗಲದ ಜಾಗಕ್ಕಾಗಿ ಅವಳ ತಮ್ಮನ ಮಗಳು ಸಮತಾಳ ನೌಕರಿ ಇವತ್ತು ನಾಲ್ಕು ಗಂಟೆಯ ಸಮಿತಿ ಮೀಟಿಂಗಿನಲ್ಲಿ ಹೋಗುವುದರಲ್ಲಿತ್ತು. ಬರೀ ನೌಕರಿಯಾದರೆ ಇನ್ನೊಂದು ಹುಡುಕಬಹುದು. ಜೊತೆಗೆ ಕಳ್ಳಿ ಎಂಬ ಹೆಸರೂ ಬರಲಿತ್ತು. ಅದನ್ನು ಎಲ್ಲಿ ತೊಳೆಯುವುದು?

ತಮ್ಮ ಹುಲಗೇಶ ನಿನ್ನೆ ಹಂಸಭಾವಿಯಿಂದ ಫೋನು ಮಾಡಿ ಗೊಳೋ ಎಂದು ಅತ್ತಿದ್ದ. ಪೊಲೀಸ್ ಖಾತೆಯಲ್ಲಿ ಮೂವತ್ತೆರಡು ವರ್ಷ ದುಡಿದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾಗಿ, ಶಿಗ್ಗಾವಿಯ ಮನೆಯಲ್ಲಿ ಹಾಯಾಗಿದ್ದ ಕರೆವ್ವ ಇವತ್ತು ಮಧ್ಯಾಹ್ನ ಸಿಕ್ಕ ಬಸ್ಸು ಹಿಡಿದು ಹಾನಗಲ್ಲಿಗೆ ಬಂದಿದ್ದಳು. ಈಗ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

"ಸರ್ರ, ಈ ಸೌಟು ಸ್ವಲ್ಪ ಎತ್ತಿ ತೋರಸ್ತೀರೇನು?"

"ಯಾಕ?"

"ಸುಮ್ನ. ಜಪಾನದ ಸೌಟು ನಾ ಇನ್ನ ಯಾವಾಗ ನೋಡೂದು?"

ಅದು ಅರ್ಧ ಸುಳ್ಳು, ಅರ್ಧ ನಿಜ. ಅಣ್ಣ-ತಮ್ಮಂದಿರ ಮಕ್ಕಳೆಲ್ಲಿ ದುಡಿಯುತ್ತಾರೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಈ ಹೆಂಗಸು, ಸಮತಾ ಐದು ವರ್ಷದಿಂದ ಕೆಲಸ ಮಾಡುವ ಈ ಜಾಗಕ್ಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಊರ ಹೊರಗಿನ ವರದಾ ವಿಶ್ವವಿದ್ಯಾಲಯದ ಆವರಣದಲ್ಲಿ, ಕ್ಯಾಂಟೀನಿನ ಹಿಂದೆ, ಮೂರು ಕೋಣೆಯ ಹಂಚಿನ ಕಟ್ಟಡ. ಬಾಗಿಲ ಮೇಲೆ 'ಲೋಕ ಸಂಸ್ಕೃತಿ ಸಂಗ್ರಹಾಲಯ. ಪ್ರವೇಶ ಉಚಿತ' ಎಂಬ ಬೋರ್ಡು. ಪುಕ್ಕಟೆ ಎಂದಮೇಲೆ ಒಳಗೇನಿದ್ದೀತು ಎಂದುಕೊಂಡೇ ಅವಳು ಚಪ್ಪಲಿ ಬಿಟ್ಟಿದ್ದಳು.

ಒಳಗೆ ಬಂದವಳೇ ಬಂದ ಕೆಲಸ ಮರೆತು ಅರ್ಧ ತಾಸು ಬಾಯಿ ತೆರೆದುಕೊಂಡು ತಿರುಗಿದ್ದಳು. ಸುತ್ತಲಿನ ನಾಲ್ಕು ತಾಲೂಕುಗಳಿಂದ ಹೊರದೇಶಕ್ಕೆ ಹೋದವರು ತಂದುಕೊಟ್ಟ ವಸ್ತುಗಳೇ ಎಲ್ಲ. ಹಡಗಿನ ಖಲಾಸಿ, ಕೊಲ್ಲಿಯಲ್ಲಿ ದುಡಿದ ನರ್ಸಬಾಯಿ, ಕಾಂಗೋದಲ್ಲಿ ಶಾಂತಿಪಡೆಯಲ್ಲಿದ್ದ ಹಿರೇಕೆರೂರಿನ ಸಿಪಾಯಿ. ಮೆಕ್ಸಿಕೋದ ರೊಟ್ಟಿ ಹಂಚು ನೋಡಿ ಕರೆವ್ವ, ಇದು ನಮ್ಮವ್ವನ ಹಂಚೇ ಸೈ ಎಂದು ವಾದಕ್ಕೆ ನಿಂತಿದ್ದಳು. ಪಪುವಾ ದ್ವೀಪದ ಮುಖವಾಡದ ಹಣೆಯಲ್ಲಿ ಕುಂಕುಮವಿತ್ತು. ಅದರ ಪಕ್ಕದಲ್ಲೇ 'ಕುಂಕುಮ ಹಚ್ಚಬಾರದು' ಎಂಬ ಫಲಕವೂ ಇತ್ತು, ಫಲಕದ ಮೇಲೂ ಒಂದು ಬೆರಳು ಕುಂಕುಮವಿತ್ತು.

ಹಾವಣಗಿ ಬೇಸರದಿಂದ ಕಪಾಟು ತೆರೆದು ಸೌಟು ಎತ್ತಿದರು. ಅವರು ಈ ಸಂಗ್ರಹಾಲಯದ ಮುಖ್ಯಸ್ಥರು. ಸಮತಾಳ ಮೇಲಿನ ವರದಿ ಬರೆದವರೂ ಅವರೇ.

ಸೌಟಿನ ಕೆಳಗೆ ಹಾಸಿದ ಬಟ್ಟೆ ಕಡುಗೆಂಪಾಗಿತ್ತು. ಸುತ್ತಲಿನ ಬಟ್ಟೆ ಮಾತ್ರ ಕಿಟಕಿಯ ಬಿಸಿಲಿಗೆ ಬಣ್ಣ ಹೋಗಿ, ತೊಳೆದೂ ತೊಳೆದೂ ಹಳೆಯದಾದ ಕುಪ್ಪಸದಂತೆ ಆಗಿತ್ತು.

"ಈಗ ಆ ಚಪ್ಪಲಿ."

ಅದರ ಕೆಳಗೂ ಕಡುಗೆಂಪು, ಎರಡು ಅಂಗಾಲಿನ ಆಕಾರದಲ್ಲಿ.

"ಈಗ ಹುಣಸಿಕಾಯಿ ಜಾಗ ನೋಡ್ರಿ" ಎಂದಳು ಕರೆವ್ವ. "ಪೂರಾ ಬಣ್ಣ ಹೋಗೈತಿ. ಒಂದು ಗೆರಿನೂ ಕೆಂಪಿಲ್ಲ. ಇಲ್ಲಿ ಯಾವತ್ತೂ ಏನೂ ಇರಲೇ ಇಲ್ಲ. ಇಲ್ಲದ್ದನ್ನ ನಮ್ಮ ಹುಡುಗಿ ಹೆಂಗ ಕದ್ಲು?"

ಬಾಗಿಲ ಬಳಿ ನಿಂತಿದ್ದ ಸಮತಾ ತಲೆ ಎತ್ತಿದಳು. ಇಪ್ಪತ್ತಾರರ ಹುಡುಗಿ, ಎರಡು ದಿನದಿಂದ ಅತ್ತು ಕಣ್ಣು ಬಾತಿದ್ದವು. "ನಾನೂ ಅದನ್ನ ಹೇಳಿದ್ನಿ ಅತ್ತಿ. ನಾ ಬಂದಾಗಿಂದ ಬರೀ ಲೇಬಲ್ ಐತಿ. ಆ ಡಬ್ಬಿ ನಾ ಕಣ್ಣಿಂದ ನೋಡಿಲ್ಲ."

ಹಾವಣಗಿ ಒಂದು ಕ್ಷಣ ತಬ್ಬಿಬ್ಬಾದರು. ಆದರೆ ಅವರು ರಿಜಿಸ್ಟರ್ ನಂಬಿ ಬದುಕಿದ ಮನುಷ್ಯ. "ಬಟ್ಟಿ ಮಾತು ಬ್ಯಾರೆ, ದಾಖಲೆ ಮಾತು ಬ್ಯಾರೆ. ವಸ್ತು ಬಂದದ್ದಕ್ಕ ಸ್ವೀಕೃತಿ ಐತಿ. ಕಪಾಟಿನಾಗ ಇಟ್ಟಿಲ್ಲಂದ್ರ ಉಗ್ರಾಣದಾಗ ಇರಬೇಕು. ಉಗ್ರಾಣದ ಕೀಲಿ ಐದು ವರ್ಷದಿಂದ ಈಕಿ ಕಡೆ ಐತಿ. ನಿನ್ನೆ ಇಡೀ ದಿನ ಹುಡುಕೇವಿ, ಹುಣಸೆಕಾಯಿಯಂಥಾದ್ದು ಒಂದೂ ಸಿಗಲಿಲ್ಲ."

"ಡಬ್ಬಿ ಬಂದಾಗ ನೀವ ಇಸಗೊಂಡ್ರಿ?"

"ಇಲ್ಲ. ನಾನು ಆವಾಗ ಮೈಸೂರಿನ ವಿಚಾರಸಂಕಿರಣಕ್ಕ ಹೋಗಿದ್ದೆ. ಹಿಂದಿನ ಗುಮಾಸ್ತ ಇಸಗೊಂಡು ಒಳಗ ಇಟ್ಟಿದ್ದ. ನಾ ಬಂದಮ್ಯಾಲೆ ದಾನಿಗೆ ಫೋನ್ ಮಾಡಿ ವಿವರ ಬರಕೊಂಡೆ."

"ಅಂದ್ರ ಆ ಡಬ್ಬಿ ನೀವೂ ನೋಡಿಲ್ಲ."

ಹಾವಣಗಿ ಕನ್ನಡಕ ತೆಗೆದು ಒರೆಸಿಕೊಂಡರು.

ಕರೆವ್ವನಿಗೆ ಈಗ ಹುರುಪು ಬಂತು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸರ್ರ, ನೀವು ಓದಿದವ್ರು, ಒಂದು ಮಾತು ಕೇಳ್ತೇನಿ. ಹುಣಸಿಕಾಯಿಂದ ಡಬ್ಬಿ ಹೆಂಗ ಮಾಡ್ತಾರ?"

"ಅಂದ್ರ?"

"ನಾ ಸಣ್ಣಾಕಿ ಇದ್ದಾಗಿಂದ ಹುಣಸಿಕಾಯಿ ಜಜ್ಜೇನಿ. ಒಣಗಿದ ಕಾಯಿ ಎರಡು ಬೆರಳಿಂದ ಒತ್ತಿದ್ರ ಸಿಪ್ಪಿ ಚೂರುಚೂರು ಆಗ್ತೈತಿ. ಅದನ್ನ ಕೊರದು, ಮುಚ್ಚಳ ಕೂಡಿಸಿ, ಸಮುದ್ರ ದಾಟಿಸಿ ತಂದಾರ ಅಂದ್ರ ನನಗ ನಂಬಿಕಿ ಬರವಲ್ದು."

"ಅಲ್ಲಿಯವರ ಕೈಚಳಕ ನಮಗೆಲ್ಲಿ ತಿಳೀತೈತ್ರಿ."

"ತಿಳಕೊಳ್ಳೋಣಲ್ಲ. ಇನಾಯತ ಅವರ ನಂಬರ್ ಕೊಡ್ರಿ."

ಸವಣೂರಿನ ಇನಾಯತ ವೀಳ್ಯದೆಲೆಯ ವ್ಯಾಪಾರಿ. ಫೋನು ಎತ್ತಿದಾಗ ಹಿಂದೆ ಎಲೆ ಎಣಿಸುವವರ ದನಿ ಕೇಳುತ್ತಿತ್ತು. ಕರೆವ್ವ ಫೋನನ್ನು ಸ್ಪೀಕರಿಗೆ ಹಾಕಿ ಕಪಾಟಿನ ಮೇಲಿಟ್ಟಳು. ಹಾವಣಗಿ ಗಾಜಿನ ಚಿಂತೆಯಲ್ಲಿ ಅದನ್ನೆತ್ತಿ ತಮ್ಮ ಕೈಯಲ್ಲೇ ಹಿಡಿದುಕೊಂಡರು.

"ಇನಾಯತ ಭಾಯ್, ನೀವು ಇಲ್ಲಿಗೆ ಕೊಟ್ಟ ಡಬ್ಬಿ ಎಷ್ಟು ದೊಡ್ಡದಿತ್ರಿ? ಬೆರಳಷ್ಟು ಇತ್ತೇನು?"

ಆ ಕಡೆಯಿಂದ ಜೋರಾದ ನಗು. "ಯಾ ಅಲ್ಲಾ! ಬೆರಳಷ್ಟು ಡಬ್ಯಾಗ ಏನಿಡೂದ್ರಿ ಬಾಯಾರ, ಇರುವಿ ಸಂಸಾರ? ಗೇಣಿಗಿಂತ ಉದ್ದ ಐತಿ. ನನ್ನ ಎರಡೂ ಮುಷ್ಟಿ ಕೂಡಿಸಿದಷ್ಟು ದಪ್ಪ. ದೊಡ್ಡ ಹುಣಸಿ ಕಾಯಿ ಅಲ್ಲೇನ್ರಿ ಅದು?"

"ದೊಡ್ಡದಾದ್ರೂ ಹುಣಸೆಕಾಯಿ ಅಷ್ಟು ಹೆಂಗ..." ಎಂದು ಹಾವಣಗಿ ಬಾಯಿ ಹಾಕಿದರು.

"ಹುಣಸಿ ಅಲ್ರೀ ಸಾಹೇಬ್ರ, ದೊಡ್ಡ ಹುಣಸಿ! ನಮ್ಮೂರ ಮಠದಾಗ ಮೂರು ಗಿಡ ನಿಂತಾವಲ್ಲ, ಹತ್ತು ಮಂದಿ ಕೈಕೈ ಹಿಡದ್ರೂ ತಬ್ಬಾಕ ಆಗೂದಿಲ್ಲಲ್ಲ, ಆ ಗಿಡ. ನಮ್ಮ ಕಾಕಾ ಹಡಗದಾಗ ಖಲಾಸಿ ಇದ್ರು. ಸೆನೆಗಲ್‌ನಾಗ ಬಂದರಕ್ಕ ಇಳದು ನಾಕು ಹೆಜ್ಜಿ ಹೋಗ್ತಾರ, ಎದುರಿಗೆ ನಮ್ಮೂರ ಗಿಡ ನಿಂತೈತಿ! ತಬ್ಬಿಕೊಂಡು ಅತ್ರಂತ. ಅಲ್ಲೀ ಮಂದಿ ನಗಾಡಿ, ಆ ಗಿಡದ ಕಾಯಿದ ಒಂದು ಡಬ್ಬಿ ಕೈಯಾಗ ಕೊಟ್ಟು ಕಳಿಸಿದ್ರಂತ. ಸಾಯೂತನಕ ತಲಿದಿಂಬಿನ ಕಡೆ ಇಟ್ಕೊಂಡಿದ್ರು."

ಫೋನಿನಾಚೆ ಇನಾಯತರ ದನಿ ಒದ್ದೆಯಾಯಿತು. ಡಬ್ಬಿ ಚೆನ್ನಾಗಿದೆಯೇ ಎಂದು ಕೇಳಿದರು. ಚೆನ್ನಾಗಿದೆ ಎಂದು ಕರೆವ್ವ ಹೇಳಿಬಿಟ್ಟಳು.

ಸವಣೂರಿನ ಆ ಮೂರು ಮರ ನೋಡದವರು ಈ ಸೀಮೆಯಲ್ಲಿ ಯಾರಿದ್ದಾರೆ? ಆನೆ ಹೊಟ್ಟೆಯಂಥ ಕಾಂಡದ ಆಫ್ರಿಕಾದ ಮರ. ಕಾಯಿಯೊಳಗಿನ ತಿರುಳು ಹುಳಿ ಇದ್ದದ್ದಕ್ಕೋ ಏನೋ, ಜನ ಅದಕ್ಕೆ ದೊಡ್ಡ ಹುಣಸೆ ಎಂದೇ ಹೆಸರಿಟ್ಟಿದ್ದಾರೆ. ಕರೆವ್ವ ಬಂದೋಬಸ್ತಿಗೆ ಹೋದಾಗ ಅದರ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡವಳು. ಹಾವಣಗಿಯವರು ವಿದ್ಯಾರ್ಥಿಗಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದವರು.

"ಇನಾಯತರು ಫೋನಿನಾಗ ದೊಡ್ಡ ಹುಣಸಿ ಕಾಯಿ ಅಂತನ ಹೇಳಿದ್ರು" ಎಂದರು ಹಾವಣಗಿ ಸಣ್ಣ ದನಿಯಲ್ಲಿ. "ನಾನು ಬರೀಮುಂದ ದೊಡ್ಡ ಅನ್ನೂದನ್ನ ತೆಗೆದೆ."

"ಯಾಕ್ರಿ?"

"ವಿಶೇಷಣ ಅನವಶ್ಯಕ ಅನಿಸ್ತು. ಹುಣಸೆಕಾಯಿ ದೊಡ್ಡದಿದ್ರೇನು, ಸಣ್ಣದಿದ್ರೇನು?"

ಕರೆವ್ವ ನಗು ತಡೆದುಕೊಳ್ಳಲು ಮುಖಕ್ಕೆ ಸೆರಗು ಹಿಡಿದಳು. ಒಂದೇ ಒಂದು ಶಬ್ದ ಕಡಿಮೆ ಬರೆದ ಶಿಸ್ತಿಗೆ ಒಂದು ಹುಡುಗಿಯ ಮರ್ಯಾದೆ ಹೋಗುತ್ತಿತ್ತಲ್ಲ ಎಂದು ನೆನಪಾಗಿ ಆ ನಗು ತಾನಾಗಿಯೇ ನಿಂತಿತು.

"ಅತ್ತಿ, ಸಾಕು ಬಿಡ್ರಿ" ಎಂದಳು ಸಮತಾ. "ಬರಿಯೂದ್ರಾಗ ತಪ್ಪಾಗೈತಿ ಅಂತ ಗೊತ್ತಾತಲ್ಲ. ನಾ ಕದ್ದಿಲ್ಲ ಅಂತ ಸರ್‌ಗೂ ತಿಳೀತು. ಚಹಾ ಕುಡದು ಬರೋಣ ನಡ್ರಿ."

"ಚಹಾ ಎಲ್ಲಿ ಓಡಿ ಹೋಗ್ತೈತಿ? ಗೇಣುದ್ದದ ಡಬ್ಬಿ ಈ ಮೂರು ಕೋಣಿಯೊಳಗನ ಎಲ್ಲೋ ಕುಂತೈತಿ. ಅದನ್ನ ತಗದು ಟೇಬಲ್ ಮ್ಯಾಲೆ ಇಟ್ಟರ ನಾಕು ಗಂಟೆ ಮೀಟಿಂಗಿನಾಗ ಯಾರೂ ತುಟಿ ಪಿಟಕ್ ಅನ್ನಂಗಿಲ್ಲ."

ಹಿಂದೆ ಬಿದ್ದರೆ ಬಿಡುವ ಜಾಯಮಾನ ಕರೆವ್ವನದಲ್ಲ. ಮೊದಲ ಕೋಣೆ ನೋಡಿದಳು, ಎರಡನೆಯದು ನೋಡಿದಳು. ಮೂರನೇ ಕೋಣೆಯ ಒಂಬತ್ತನೇ ಕಪಾಟಿನ ಮುಂದೆ ಗಕ್ಕನೆ ನಿಂತಳು.

ಇಥಿಯೋಪಿಯಾದ ಬುಟ್ಟಿಯ ಹಿಂದೆ ಅರ್ಧ ಮರೆಯಾಗಿ ಅದು ಮಲಗಿತ್ತು. ಗೇಣಿಗಿಂತ ಉದ್ದ, ನಡುವೆ ಉಬ್ಬು, ಮೈಮೇಲೆ ಮಖಮಲ್ಲಿನಂಥ ಹಳದಿ-ಹಸಿರು ರೋಮ. ಒಂದು ತುದಿಗೆ ಚರ್ಮದ ದಾರ ಕಟ್ಟಿದ ಮುಚ್ಚಳ.

"ಬರ್ರಿ ಸರ್ರ, ನಿಮ್ಮ ಎಂಬತ್ತೇಳು ನೋಡ್ರಿ!"

ಹಾವಣಗಿ ಓಡಿ ಬಂದರು. ಸಮತಾಳಿಂದ ಕೀಲಿ ಇಸಿದುಕೊಂಡು ಡಬ್ಬಿಯನ್ನು ಎರಡೂ ಕೈಯಲ್ಲಿ, ಹಸುಗೂಸನ್ನು ಎತ್ತುವಂತೆ ಎತ್ತಿದರು. ಮುಚ್ಚಳ ತೆರೆದು ಮೂಸಿದರು. ಅವರ ಕಣ್ಣಲ್ಲಿ ನೀರು ಬಂತು. ಅಷ್ಟು ಹೊತ್ತು ಅವರ ಮೇಲಿದ್ದ ಸಿಟ್ಟು ಕರೆವ್ವನಿಗೆ ಅರ್ಧ ಇಳಿಯಿತು. ವಸ್ತುಗಳನ್ನು ನಿಜವಾಗಿ ಪ್ರೀತಿಸುವ ಮನುಷ್ಯ, ಮನುಷ್ಯರನ್ನು ನೋಡಲು ಮಾತ್ರ ಪುರುಸೊತ್ತಿಲ್ಲ.

ಜೇಬಿನಿಂದ ವರದಿ ತೆಗೆದು ಅವರು ಅಡ್ಡಗೀಟು ಎಳೆದರು. "ಸಮತಾ, ತಪ್ಪಾತವ್ವ. ಮನಸಿನ್ಯಾಗ ಇಟ್ಕೋಬ್ಯಾಡ."

ಸಮತಾ ತಲೆಯಾಡಿಸಿದಳು. ಆದರೆ ಅವಳ ಮುಖ ಅರಳಲಿಲ್ಲ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಕರೆವ್ವನ ಕಣ್ಣು, ಮೂವತ್ತೆರಡು ವರ್ಷದ ಚಾಳಿಯಂತೆ, ಡಬ್ಬಿ ಎತ್ತಿದ ಜಾಗಕ್ಕೆ ಹೋಯಿತು. ಅಲ್ಲಿ ಇನ್ನೊಂದು ಲೇಬಲ್ ಇತ್ತು. ಅವಳು ಗಟ್ಟಿಯಾಗಿ ಓದಿಯೇ ಬಿಟ್ಟಳು.

"೧೪೦. ಸುತ್ತಲೂ ಮದುವೆ ಮೆರವಣಿಗೆ ಕೊರೆದ ಸೋರೆಬುರುಡೆ. ಪೆರು ದೇಶ. ಅಲ್ರೀ, ಈ ಜಾಗದಾಗ ಇರಬೇಕಾದ ಬುರುಡಿ ಎಲ್ಲಿ ಹೋತು?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಹಾವಣಗಿ ಬಗ್ಗಿ ನೋಡಿದರು. ಬಣ್ಣ ಹೋದ ಬಟ್ಟೆಯ ಮೇಲೆ ತಟ್ಟೆಯಗಲದ ಒಂದು ಗುಂಡು ಕಲೆ ಕಡುಗೆಂಪಾಗಿ ಕಾಣುತ್ತಿತ್ತು. ಉದ್ದನೆಯ ಡಬ್ಬಿ ಅದರ ನಡುವನ್ನಷ್ಟೇ ಮುಚ್ಚಿತ್ತು. ಕರೆವ್ವ ಒಂದು ತಾಸಿನ ಹಿಂದೆ ಕಲಿಸಿದ ಪಾಠವನ್ನು ಅವರು ಚೆನ್ನಾಗಿಯೇ ಕಲಿತಿದ್ದರು.

"ವರ್ಷಗಟ್ಟಲೆ ಇಲ್ಲಿ ಗುಂಡನ ವಸ್ತು ಇತ್ತು" ಎಂದರು ನಿಧಾನವಾಗಿ. "ಇತ್ತೀಚಿಗೆ ತಗದಾರ. ಕಾಣಬಾರದು ಅಂತ ಉಗ್ರಾಣದಾಗ ಲೇಬಲ್ ಇಲ್ಲದ ಬಿದ್ದಿದ್ದ ಈ ಡಬ್ಬಿ ತಂದು ಇಟ್ಟಾರ. ಎಣಿಸಾಕ ಬಂದವರು ಹನ್ನೊಂದು ಲೇಬಲ್, ಹನ್ನೊಂದು ವಸ್ತು ಅಂತ ಗೀಟು ಹಾಕಿ ಹೋಗ್ಯಾರ. ನಾನೂ ಈ ಕೋಣಿಗೆ ಬಂದು ಆರು ತಿಂಗಳಾತು." ಅವರು ಆ ಗುಂಡು ಕಲೆಯ ಮೇಲೆ ಬೆರಳಾಡಿಸಿದರು. "ಆ ಬುರುಡೆ ಮ್ಯಾಲೆ ನೂರಾ ಹನ್ನೆರಡು ಮಂದಿ ಇದ್ರು. ಒಬ್ಬ ಮುದುಕಿ ಕೊರದದ್ದು. ಅಂಥಾದ್ದು ಇನ್ನೊಂದಿಲ್ಲ."

ಮೂವರೂ ಕಪಾಟಿನ ಬಾಯಿಯಲ್ಲಿ ತೂಗುತ್ತಿದ್ದ ಕೀಲಿಯನ್ನು ನೋಡಿದರು. ಅದು ಸಮತಾಳ ಗೊಂಚಲಿನ ಕೀಲಿ.

"ಹತ್ತು ನಿಮಿಷ ಕೊಡ್ರಿ" ಎಂದಳು ಕರೆವ್ವ.

ಅವಳು ಸಮತಾಳ ರಟ್ಟೆ ಹಿಡಿದು ಪಡಸಾಲೆಗೆ ಕರೆತಂದಳು. ಕ್ಯಾಂಟೀನಿನ ಕಡೆಯಿಂದ ಮಿರ್ಚಿಯ ವಾಸನೆ ಬರುತ್ತಿತ್ತು. ವಿದ್ಯಾರ್ಥಿಗಳು ನಗುತ್ತ ಹಾದುಹೋದರು. ಅವರು ದೂರವಾಗುವ ತನಕ ಕರೆವ್ವ ಕಾದಳು.

"ಎಂಬತ್ತೇಳು ನಿನಗ ಗೊತ್ತಿರಲಿಲ್ಲ. ಅದು ಖರೇ. ನೂರಾ ನಲವತ್ತು?"

"ನಾನ ತಗದು ಕೊಟ್ಟೇನಿ" ಎಂದಳು ಸಮತಾ.

ಕರೆವ್ವ ಅವಳ ರಟ್ಟೆ ಬಿಟ್ಟಳು. ಕೂಸಿದ್ದಾಗ ಇದೇ ಹುಡುಗಿಯನ್ನು ಠಾಣೆಯ ಬೆಂಚಿನ ಮೇಲೆ ಮಲಗಿಸಿ ಡ್ಯೂಟಿ ಮಾಡಿದವಳು ಅವಳು.

"ಯಾಕ ಕೊಟ್ಟಿ? ಯಾರಿಗೆ ಕೊಟ್ಟಿ?"

"ಹಿಂಗ ಕೇಳ್ತೀರೇನು ಅತ್ತಿ? ನೀವ ಕೇಳಿದ್ರಿ ಅಂತ ಕೊಟ್ಟೇನಿ!" ಸಮತಾಳ ದನಿ ಒಡೆಯಿತು. "ಎರಡು ತಿಂಗಳ ಹಿಂದ ನಿಮ್ಮ ಚೀಟಿ ಬಂದಿತ್ತಲ್ಲ. ಇವತ್ತು ನೀವು ಬರ್ತೀರಿ ಅಂದಾಗ, ಬುರುಡಿ ಚೀಲದಾಗ ಹಾಕ್ಕೊಂಡು ಬಂದಿರ್ತೀರಿ, ಹೆಂಗರ ಮಾಡಿ ಮತ್ತ ಇಟ್ಟು ಹೋಗ್ತೀರಿ ಅಂತ ತಿಳಕೊಂಡಿದ್ನಿ. ನೀವ ನೋಡಿದ್ರ ಎಲ್ಲಾರ ಮುಂದ ಕೂಗಿ ಹೇಳಿದ್ರಿ."

ಮೊಬೈಲಿನ ಕವರಿನ ಹಿಂದಿನಿಂದ ಅವಳು ಮಡಿಚಿದ ಕಾಗದ ತೆಗೆದಳು. ಕರೆವ್ವ ಬಿಡಿಸಿ ಓದಿದಳು.

'ಸಮ್ಮೀ, ಪೆರು ದೇಶದ ಬುರುಡಿ ಒಂದು ಕೇಸಿನ ಕೆಲಸಕ್ಕೆ ಬೇಕು. ಬಂದವರ ಕೈಯಾಗ ಕೊಡು. ಯಾರಿಗೂ ಹೇಳಬ್ಯಾಡ. ನನ್ನ ಮುಂದೂ ಈ ಮಾತು ತಗೀಬ್ಯಾಡ, ಕಾರಣ ಐತಿ. ನಿನ್ನ ಅತ್ತಿ, ಕರೆವ್ವ.'

ಸಹಿಯ ಕೆಳಗೆ ಅವಳು ಯಾವಾಗಲೂ ಎಳೆಯುವ ಗೀಟು, ಗೀಟಿನ ಕೆಳಗೆ ಎರಡು ಚುಕ್ಕಿ. ತನ್ನ ಕೈಯದೇ ಎಂದು ತಾನೇ ಮೋಸ ಹೋಗುವಷ್ಟು ಚೊಕ್ಕ. ಅವಳು ಈ ಚೀಟಿ ಬರೆದಿರಲಿಲ್ಲ.

"ಇದನ್ನ ತಂದು ಕೊಟ್ಟವರು ಯಾರು?"

"ಅಪ್ಪ. ಬುರುಡಿನೂ ಅಪ್ಪನ ಒಯ್ದಾನ."

ಕರೆವ್ವ ಚೀಟಿಯನ್ನು ಇನ್ನೊಮ್ಮೆ ಓದಿದಳು.

ಹುಲಗೇಶ. ನಿನ್ನೆ ಫೋನಿನಲ್ಲಿ ಅತ್ತವನು. ಗೌಂಡಿ ಕೆಲಸದ ಅವನಿಗೆ ಓದಲು ಬರುತ್ತದೆ, ಬರೆಯಲು ಕೈ ಓಡುವುದಿಲ್ಲ. ಹೆಸರು ಬರೆಯುವುದಕ್ಕೇ ಬೆವರುತ್ತಾನೆ. ಅಂದಮೇಲೆ ಈ ಸಹಿ ಹಾಕಿದವರು ಬೇರೆ. ಅವನು ತಿಳಿದು ತಂದನೋ, ಅವನಿಗೂ ಯಾರೋ ಟೋಪಿ ಹಾಕಿದರೋ? ತಿಳಿದೇ ತಂದಿದ್ದರೆ ಮಗಳನ್ನು ಉಳಿಸು ಎಂದು ಅಕ್ಕನನ್ನೇ ಯಾಕೆ ಕರೆಸಿದ?

ಹುಲಗೇಶನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಈ ಸಲ ಸ್ವಿಚ್ ಆಫ್ ಎಂದು ಬಂತು.

"ಕರೆವ್ವನವರ" ಎಂದು ಹಾವಣಗಿ ಬಾಗಿಲಲ್ಲಿ ನಿಂತು ಕರೆದರು. "ನಾಲ್ಕಾತು. ಸಮಿತಿಯವರು ಬಂದಾರ."

ಒಳಗೆ ಮೇಜಿನಾಚೆ ಇಬ್ಬರು ಪ್ರೊಫೆಸರುಗಳು ಕೂತಿದ್ದರು. ಮೇಜಿನ ಮೇಲೆ ಹೊಸ ಬಿಳಿ ಹಾಳೆ, ಅದರ ಪಕ್ಕ ಪೆನ್ನು. ಇನ್ನೊಂದು ವರದಿಗೆ ತಯಾರಿ ನಡೆದಿತ್ತು.

ನಿಜ ಹೇಳಿದರೆ ತಮ್ಮ ಹೋಗುತ್ತಾನೆ. ಸುಮ್ಮನಿದ್ದರೆ ಹುಡುಗಿ ಹೋಗುತ್ತಾಳೆ. ಕರೆವ್ವನಿಗೆ ವಿಚಾರ ಮಾಡಲು ಸಿಕ್ಕದ್ದು ಬಾಗಿಲಿನಿಂದ ಮೇಜಿನವರೆಗಿನ ಆರು ಹೆಜ್ಜೆ ಮಾತ್ರ.

ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಬುರುಡಿ ನಾ ತರಿಸಿಕೊಂಡೇನಿ. ಚೀಟಿ ನಂದ, ಸಹಿ ನಂದ. ಹುಡುಗಿ ಹಿರ್ಯಾರ ಮಾತು ಕೇಳ್ಯಾಳ, ಅಷ್ಟ. ಏನು ಬರಕೊಳ್ಳೂದಿದ್ರೂ ನನ್ನ ಹೆಸರಿಗೆ ಬರಕೋರ್ರಿ."

"ಅತ್ತೀ!" ಎಂದು ಸಮತಾ ಮುಂದೆ ಬಂದಳು. ಕರೆವ್ವ ಅವಳ ಮುಂಗೈ ಹಿಡಿದು ಅಮುಕಿದಳು. ಖಾತೆಯಲ್ಲಿದ್ದಷ್ಟು ದಿನ ಒಂದೂ ಸುಳ್ಳು ಹೇಳಿಕೆ ಬರೆದವಳಲ್ಲ ಅವಳು. ಈಗ ಹೇಳುವಾಗ ನಾಲಿಗೆ ಎಲ್ಲಿಯೂ ತೊದಲಲಿಲ್ಲ.

ಹಾವಣಗಿ ಚೀಟಿ ಓದಿದರು. ಪ್ರೊಫೆಸರುಗಳಿಗೆ ಕೊಟ್ಟರು. ಅವರೂ ಓದಿದರು.

"ಮೊದಲ ಹೇಳಬೇಕಿಲ್ರಿ?" ಎಂದರು ಹಾವಣಗಿ. ಕರೆವ್ವ ಬೈಗುಳಕ್ಕೆ ತಯಾರಾಗಿದ್ದಳು. ಆದರೆ ಅವರ ಮುಖದಲ್ಲಿ ಇದ್ದದ್ದು ಬರೀ ಸಮಾಧಾನ. "ಕಳುವಾಗೈತಿ ಅಂತ ಜೀವ ಬಾಯಿಗೆ ಬಂದಿತ್ತು. ಈಗ ಎಲ್ಲೈತಿ ಅದು?"

"ನಮ್ಮ ಮನ್ಯಾಗ. ಸೋಮವಾರ ತಂದು..."

"ಸೋಮವಾರ ಯಾಕ? ಶಿಗ್ಗಾವಿ ಏನು ದೂರ? ಕಾರಿನಾಗ ಒಂದು ತಾಸು. ಮೀಟಿಂಗ್ ಸಂಜೀಗೆ ಮುಂದುವರಿಸೋಣ." ಅವರು ಮೇಜಿನ ಡ್ರಾ ಎಳೆದು ಕಾರಿನ ಕೀಲಿ ತೆಗೆದರು. "ನಡ್ರಿ, ಈಗ ಹೋಗಿ ತರೋಣ."

ಕರೆವ್ವ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಾವಣಗಿ ಮೆಟ್ಟಿಲು ಇಳಿದು, ಕಾರಿನ ಬಾಗಿಲು ತೆರೆದು, ಅವಳಿಗಾಗಿ ಹಿಡಿದು ನಿಂತಿದ್ದರು.